ಹಿಂದಕ್ಕೆ ಮುಖ

ಐದು ತಿಂಗಳ ಮಗುವನ್ನು ಕಾರಿನಲ್ಲಿ ಕೂರಿಸುವಾಗ ಅದರ ಮುಖ ಎಂಜಿನ್ನಿನ ಕಡೆಗಿರಬೇಕೋ ಡಿಕ್ಕಿಯ ಕಡೆಗಿರಬೇಕೋ ಎಂಬುದು, ದೇಹ ಬಿಟ್ಟ ಆತ್ಮ ಎಲ್ಲಿಗೆ ಹೋಗುತ್ತದೆ ಎಂಬುದಕ್ಕಿಂತ ಗಹನವಾದ ಪ್ರಶ್ನೆ ಎಂದು ಪದ್ಮನಾಭರಿಗೆ ಮನವರಿಕೆಯಾಗಿತ್ತು. ಆತ್ಮದ ವಿಷಯದಲ್ಲಿ ಯಾರಿಗೂ ಅವಸರವಿಲ್ಲ. ಋಷಿಗಳೇ ಯುಗಗಟ್ಟಲೆ ತೆಗೆದುಕೊಂಡಿದ್ದಾರೆ. ಮಗುವಿನ ವಿಷಯ ಮಾತ್ರ ಈ ಭಾನುವಾರ ಸಂಜೆ ನಾಲ್ಕೂವರೆಯೊಳಗೆ ಇತ್ಯರ್ಥವಾಗಬೇಕಿತ್ತು. ನಾಲ್ಕೂವರೆಗೆ ರಾಹುಕಾಲ, ಮಂಗಳವಾರದಿಂದ ಧನುರ್ಮಾಸ. ಧನುರ್ಮಾಸದಲ್ಲಿ ಬಾಣಂತಿಯನ್ನೂ ಮಗುವನ್ನೂ ತವರಿನಿಂದ ಗಂಡನ ಮನೆಗೆ ಕರೆತರುವಂತಿಲ್ಲ. ದೀಪ ಹಚ್ಚಿದ ಮೇಲೆ ಹೆಣ್ಣುಮಕ್ಕಳನ್ನು ಕಳಿಸುವಂತಿಲ್ಲ, ಸೋಮವಾರ ದಿನ ಚೆನ್ನಾಗಿಲ್ಲ; ಇವತ್ತು ತಪ್ಪಿದರೆ ಸಂಕ್ರಾಂತಿ ಕಳೆದ ಮೇಲೆಯೇ. ಅಂದರೆ ಬಸವೇಶ್ವರನಗರದ ಮನೆಯ ನಡುಕೋಣೆಯಲ್ಲಿ ಕಟ್ಟಿ ಸಿದ್ಧವಾಗಿರುವ ತೊಟ್ಟಿಲು ಇನ್ನೂ ಒಂದು ತಿಂಗಳು ಖಾಲಿ. ಖಾಲಿ ತೊಟ್ಟಿಲು ತೂಗಬಾರದೆಂದು ಹೆಂಡತಿ ವತ್ಸಲಾ ಕಟ್ಟಪ್ಪಣೆ ಮಾಡಿದ್ದರಿಂದ, ಅದರ ಪಕ್ಕ ಹಾದುಹೋಗುವಾಗಲೆಲ್ಲ ಪದ್ಮನಾಭರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಂತೆ ನಡೆಯುತ್ತಿದ್ದರು.

ಸೊಸೆ ಸಿಂಚನಾ ಫೋನಿನಲ್ಲಿ ಹೇಳಿದ ಮಾತು ಇಷ್ಟೇ: "ಮಾವ, ನಿಮ್ಮ ಡ್ರೈವಿಂಗ್ ಬಗ್ಗೆ ನಂಗೆ ಒಂದ್ಚೂರೂ ಡೌಟ್ ಇಲ್ಲ. ಪುಟ್ಟಿ ಸೀಟು ಕಾರಲ್ಲಿ ಸರಿಯಾಗಿ ಕೂತ್ರೆ ಬಂದ್ಬಿಡ್ತೀವಿ. ಇಲ್ಲಾಂದ್ರೆ ಸಂಕ್ರಾಂತಿ ಕಳೀಲಿ." ಎರಡನೆಯ ಮಾತಿನಲ್ಲಿ ಷರತ್ತಿತ್ತು, ಅದು ನ್ಯಾಯವಾದದ್ದೇ. ಪದ್ಮನಾಭರ ನಿದ್ದೆ ಕೆಡಿಸಿದ್ದು ಮೊದಲನೆಯ ಮಾತು. ಡೌಟ್ ಇಲ್ಲ ಎಂದು ಯಾರಾದರೂ ಬಾಯಿಬಿಟ್ಟು ಹೇಳುವುದು ಅದು ಇದ್ದಾಗ ಮಾತ್ರ. ಸಕ್ಕರೆ ಸರಿಯಾಗಿದೆಯಲ್ಲ ಎಂದು ಬೀಗಿತ್ತಿ ಕೇಳಿದಾಗ ಸರಿಯಾಗಿದೆ ಎನ್ನುತ್ತೇವಲ್ಲ, ಹಾಗೆ. ಸಿಂಚನಾ ವಿಮಾ ಕಂಪನಿಯೊಂದರಲ್ಲಿ ವಾಹನಗಳ ಕ್ಲೇಮು ನೋಡುವವಳು. ನಜ್ಜುಗುಜ್ಜಾದ ಕಾರುಗಳ ಫೋಟೋಗಳನ್ನು ಒಂದೊಂದಾಗಿ ನೋಡಿ ಮುಗಿಸಿ ಊಟದ ಡಬ್ಬಿ ಬಿಚ್ಚುವ ಹೆಣ್ಣುಮಗಳು. ಅಂಥವಳ ಕಣ್ಣಿಗೆ ಪ್ರತಿಯೊಬ್ಬ ಡ್ರೈವರೂ ಇನ್ನೂ ಅರ್ಜಿ ಹಾಕದ ಕ್ಲೇಮುದಾರನಂತೆ ಕಾಣುತ್ತಿರಬೇಕು. ಮಗ ಅನಿಕೇತನನ್ನು ನಂಬುವ ಪ್ರಶ್ನೆಯೇ ಇರಲಿಲ್ಲ. ಅವನು ಮೆಟ್ರೋ ರೈಲು ಓಡಿಸುತ್ತಾನೆ, ಒಂದು ಸಲಕ್ಕೆ ಸಾವಿರಾರು ಜನರನ್ನು ಹೊತ್ತು ವಿಜಯನಗರದ ನೆತ್ತಿಯ ಮೇಲೆ ಹಾಯುತ್ತಾನೆ. ಆದರೆ ಕಾರು ಕಲಿಯಲಿಲ್ಲ. "ಹಳಿ ಇದ್ರೆ ಸರಿ ಅಪ್ಪ, ರೋಡಲ್ಲಿ ಯಾವನು ಎಲ್ಲಿಂದ ಬರ್ತಾನೋ" ಎನ್ನುತ್ತಾನೆ. ಇವತ್ತೂ ಅವನಿಗೆ ಡ್ಯೂಟಿ. ಹೀಗಾಗಿ ಮೊಮ್ಮಗಳನ್ನು ಮನೆ ತುಂಬಿಸುವ ಹೊಣೆ, ಮೂವತ್ತು ವರ್ಷ ಪಿಯುಸಿ ಹುಡುಗರಿಗೆ ಭೌತಶಾಸ್ತ್ರ ಹೇಳಿ ನಿವೃತ್ತರಾದ ಪದ್ಮನಾಭರ ಮೇಲೇ ಬಿದ್ದಿತ್ತು.

ಆ ಹೊಣೆಯನ್ನು ಹೊತ್ತ ಮನುಷ್ಯ ಈಗ, ಕೆಂಗೇರಿ ಉಪನಗರದಲ್ಲಿ ಬೀಗರ ಮನೆಯ ಮುಂದೆ, ಕಾರಿನ ಹಿಂಬಾಗಿಲೊಳಗೆ ಸೊಂಟದವರೆಗೆ ಮುಳುಗಿ, ಉಳಿದರ್ಧವನ್ನು ಬೀದಿಗೆ ಬಿಟ್ಟು, ಸೀಟಿನ ಸಂದಿಯಲ್ಲಿ ಬೆರಳಾಡಿಸುತ್ತಿದ್ದರು. ಎದುರು ಮನೆಯ ಬಾಲ್ಕನಿಯಲ್ಲಿ ಯಾರೋ ಬಟ್ಟೆ ಒಣಹಾಕುವ ನೆಪದಲ್ಲಿ ನಿಂತಿರುವುದು ಬೆನ್ನಿಗೆ ಗೊತ್ತಾಗುತ್ತಿತ್ತು. ಮಗುವಿನ ಸೀಟನ್ನು ಕಾರಿಗೆ ಬಿಗಿಯಲು ಹಿಂದಿನ ಸೀಟಿನ ಬೆಲ್ಟ್ ಬೇಕು. ಬೆಲ್ಟಿನ ನಾಲಿಗೆ ಸಿಕ್ಕಿತ್ತು, ಅದು ಕಚ್ಚಿಕೊಳ್ಳಬೇಕಾದ ಬಕಲ್ ಇರಲಿಲ್ಲ. ಇತ್ತು, ಆದರೆ ಹತ್ತು ವರ್ಷದ ಹಿಂದೆ ಕಾರು ಬಂದ ವಾರವೇ ಹೊಲಿಸಿದ ರೆಕ್ಸಿನ್ ಕವರಿನ ಕೆಳಗೆ ಸಮಾಧಿಯಾಗಿತ್ತು. ಕವರಿನ ಅಂಗಡಿಯವನು ಅಂದು ಕೇಳಿದ್ದ, "ಸಾರ್, ಹಿಂದೆ ಬೆಲ್ಟಿಗೆ ತೂತು ಬಿಡ್ಬೇಕಾ?" ಹಿಂದೆ ಕೂತವರು ಬೆಲ್ಟ್ ಹಾಕುವುದುಂಟೇ ಎಂದು ಇಬ್ಬರೂ ನಕ್ಕಿದ್ದರು. ನಕ್ಕವರಲ್ಲಿ ಒಬ್ಬರು ಅದೇ ದಿನ ಬೆಳಿಗ್ಗೆ, ಬಸ್ಸು ತಟ್ಟನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ವಾಲುವುದೇಕೆ ಎಂದು ಹಲಗೆಯ ಮೇಲೆ ಚಿತ್ರ ಬರೆದು ಹೇಳಿದ್ದರು. ಚಿತ್ರದಲ್ಲಿ ಪ್ರಯಾಣಿಕರೆಂದರೆ ಕಡ್ಡಿಗಳು. ಕಡ್ಡಿಗಳಿಗೆ ಮೊಮ್ಮಕ್ಕಳಿರುವುದಿಲ್ಲ.

"ಏನ್ರೀ, ಮನೇಲಿ ದಿವಾನದ ಮೇಲೆ ಕಣ್ಮುಚ್ಚಿ ತೆಗೆಯೋದ್ರೊಳಗೆ ಕೂರಿಸಿದ್ರಲ್ಲ," ಎಂದರು ಹೊರಗಿನಿಂದ ವತ್ಸಲಾ.

"ದಿವಾನಕ್ಕೆ ಬಕಲ್ ಇಲ್ಲ ವತ್ಸಲಾ. ನಿನ್ನ ಸೀರೆ ಹಾಕಿ ಕಟ್ಟಿದ್ದೆ."

ಅದು ನಿಜ. ಪೂರ್ವಾಭ್ಯಾಸ ಕಾರಿನಲ್ಲಿ ಆಗಬೇಕಿತ್ತು, ದಿವಾನದ ಮೇಲೆ ಆಗಿತ್ತು. ಮಗು ಬರುವ ಮೊದಲೇ ಮಗುವಿನ ಸಾಮಾನನ್ನು ಬೀದಿಯಲ್ಲಿ ಪ್ರದರ್ಶನಕ್ಕಿಟ್ಟರೆ ಜನರ ದೃಷ್ಟಿಯಾಗುತ್ತದೆಂದು ವತ್ಸಲಾ ಸೀಟನ್ನು ಪೆಟ್ಟಿಗೆಯ ಸಮೇತ ದೇವರ ಮನೆಯ ಪಕ್ಕ ಇಟ್ಟುಬಿಟ್ಟಿದ್ದರು. ಕಿಟಕಿಯ ಪರದೆ ಎಳೆದು, ದಿವಾನದ ಮೇಲೆ ಸೀಟಿಟ್ಟು, ಮಗುವಿನ ಬದಲು ಕಡಲೆಬೇಳೆಯ ಚೀಲವನ್ನು ಕೂರಿಸಿ, ಗಂಡಹೆಂಡಿರಿಬ್ಬರೂ ತಾಲೀಮು ನಡೆಸಿದ್ದರು. ಬೇಳೆ ಕದಲದೆ ಕೂತಿತ್ತು. ವತ್ಸಲಾ ಅದಕ್ಕೊಂದು ಕುಲಾವಿ ತೊಡಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದರು. ಮದುವೆಯಾದ ಹೊಸದರಲ್ಲಿ ಅವರು ಹಾಗೆ ನಗುತ್ತಿದ್ದುದು ಪದ್ಮನಾಭರಿಗೆ ನೆನಪಾಗಿ, ಬೇಳೆಯ ಬಗ್ಗೆ ಅಕಾರಣ ಪ್ರೀತಿ ಹುಟ್ಟಿತ್ತು.

ಸೀಟು ಮನೆಗೆ ಬಂದದ್ದೂ ಸುಲಭದಲ್ಲಲ್ಲ. ರಾಜಾಜಿನಗರದ ಅಂಗಡಿಯ ಹುಡುಗಿ ಕೆಂಪು ಬಣ್ಣದ ಒಂದು ಸಿಂಹಾಸನವನ್ನು ತೋರಿಸಿ, "ಸಾರ್, ಇದ್ರಲ್ಲಿ ಬೇಬಿ ಮುಂದೆ ನೋಡ್ಕೊಂಡು ಎಂಜಾಯ್ ಮಾಡುತ್ತೆ, ಕಪ್ ಹೋಲ್ಡರೂ ಇದೆ" ಎಂದಿದ್ದಳು. ಹಲ್ಲಿಲ್ಲದ ಮೊಮ್ಮಗಳು ಮೈಸೂರು ರಸ್ತೆಯಲ್ಲಿ ಕಾಫಿ ಹೀರುತ್ತ ಹೋಗುವ ಚಿತ್ರ ಕಣ್ಣಮುಂದೆ ಬಂದು, ಪದ್ಮನಾಭರು ಕೊಂಡೇಬಿಡುವವರಿದ್ದರು. ಸಿಂಚನಾ ಫೋನಿನಲ್ಲೇ ತಡೆದಳು: ಅದು ದೊಡ್ಡ ಮಕ್ಕಳದು, ಪುಟ್ಟಿಯ ತೂಕಕ್ಕೂ ಉದ್ದಕ್ಕೂ ಹೊಂದುವುದು ಬೇಕು, ಹಿಂದಕ್ಕೆ ಮುಖ ಮಾಡುವಂಥದು ಬೇಕು. ಆಮೇಲೆ ನಂದಿನಿ ಲೇಔಟಿನಿಂದ ವತ್ಸಲಾರ ಅಕ್ಕ ಕರೆ ಮಾಡಿ, ತಮ್ಮ ಪರಿಚಯದವರ ಅಟ್ಟದ ಮೇಲೆ ಇಂಥದೇ ಒಂದು ಇದೆ, ಮೂರು ಮಕ್ಕಳು ಕೂತು ಬೆಳೆದದ್ದು, ಸುಮ್ಮನೆ ಕೊಡುತ್ತಾರೆ ಎಂದರು. ತೊಟ್ಟಿಲಿಗಾದರೆ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ. ಈಗ ಮನೆಯಲ್ಲಿರುವ ತೊಟ್ಟಿಲಲ್ಲಿ ಎಷ್ಟು ಮಕ್ಕಳು ಮಲಗಿ ಎದ್ದು ಮೀಸೆ ಬಿಟ್ಟು ಪಿಂಚಣಿ ತೆಗೆದುಕೊಳ್ಳುತ್ತಿದ್ದಾರೆಂಬುದೇ ಅದರ ಹೆಮ್ಮೆ. ಸಿಂಚನಾ ಅದಕ್ಕೂ ಒಪ್ಪಲಿಲ್ಲ. ಆ ಸೀಟು ಒಮ್ಮೆ ಅಪಘಾತ ಕಂಡಿದ್ದರೆ ಹೊರಗೆ ಗೊತ್ತಾಗುವುದಿಲ್ಲ, ಪ್ಲಾಸ್ಟಿಕ್ಕಿಗೂ ವಯಸ್ಸಾಗುತ್ತದೆ ಎಂದಳು. ವಯಸ್ಸಿನ ಮಾತು ಬಂದ ಮೇಲೆ ಪದ್ಮನಾಭರು ಮತ್ತೆ ಅಂಗಡಿಗೆ ಹೋಗಿ, ಅವಳು ಹೇಳಿದಂಥ ಹೊಸ ಸೀಟನ್ನೇ ತಂದರು. ಹಳೆಯದೆಂಬ ಕಾರಣಕ್ಕೇ ಪೂಜ್ಯವಾಗುವ ವಸ್ತುಗಳೂ, ಹಳೆಯದೆಂಬ ಕಾರಣಕ್ಕೇ ಅನುಮಾನಕ್ಕೀಡಾಗುವ ವಸ್ತುಗಳೂ ಒಂದೇ ಮನೆಯಲ್ಲಿ ಇರುತ್ತವೆ. ತಾವು ಯಾವ ಪಟ್ಟಿಯಲ್ಲಿದ್ದೇವೆ ಎಂದು ಕೇಳುವ ಧೈರ್ಯ ಅವರಿಗಿರಲಿಲ್ಲ.

"ಬೀಗರೇ, ಕಾಫಿ ಕುಡಿದು ಆಮೇಲೆ ಹುಡುಕಿ. ಎಲ್ಲಿ ಓಡಿಹೋಗುತ್ತೆ ಅದು." ಸಿಂಚನಾಳ ತಾಯಿ ಸೀತಾ ಲೋಟ ಹಿಡಿದು ಬಂದಿದ್ದರು. ಬಂದವರು ಸೀಟಿನತ್ತ ನೋಡಿ ಗಾಬರಿಯಾದರು. "ಅಯ್ಯೋ, ಇದನ್ನ ತಿರುಗುಮುರುಗಾ ಇಟ್ಟಿದೀರಲ್ಲ?"

"ಅದು ಹಾಗೇ ಅಮ್ಮ," ಎಂದಳು ಮೆಟ್ಟಿಲ ಮೇಲೆ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತ ಸಿಂಚನಾ.

"ಹೊರಟವರು ಹಿಂದಕ್ಕೆ ತಿರುಗಿ ನೋಡಬಾರದು ಅಂತಾರೆ. ಇವಳು ದಾರಿಯುದ್ದಕ್ಕೂ ತವರನ್ನೇ ನೋಡ್ಕೊಂಡು ಹೋಗ್ಬೇಕೇನೇ? ಮುಂದಿನ ಸೀಟಲ್ಲಾದ್ರೂ ಇಡಿ, ತಾತನ ಪಕ್ಕ."

"ಮುಂದೆ ಏರ್‌ಬ್ಯಾಗ್ ಇದೆ. ಅದು ಬಿಚ್ಚಿಕೊಂಡ್ರೆ ಸೀದಾ ಸೀಟಿಗೇ ಬಡಿಯುತ್ತೆ. ಅವಳಿಗೆ ಕತ್ತು ಇನ್ನೂ ಗಟ್ಟಿ ಇಲ್ಲ ಅಮ್ಮ. ಗಾಡಿ ಗಕ್ಕಂತ ನಿಂತ್ರೆ ತಲೆ, ಬೆನ್ನು ಎಲ್ಲಾನೂ ಆ ಸೀಟೇ ಹಿಡ್ಕೊಳುತ್ತೆ."

"ಹಿಡ್ಕೊಳ್ಳೋಕೆ ಅಜ್ಜಿ ತೊಡೆ ಇಲ್ವಾ?" ಎಂದರು ವತ್ಸಲಾ. ಎರಡೂ ಕಡೆಯ ಅಜ್ಜಿಯರು ಈ ಮದುವೆಯಾದಂದಿನಿಂದ ಮೊದಲ ಬಾರಿಗೆ ಒಂದೇ ಪಕ್ಷದಲ್ಲಿದ್ದರು.

ತೊಡೆಯ ಪ್ರಶ್ನೆಗೆ ಉತ್ತರ ಪದ್ಮನಾಭರಿಗೆ ಗೊತ್ತಿತ್ತು. ಗುರುವಾರ ರಾತ್ರಿ ನಿದ್ದೆ ಬಾರದೆ ಪತ್ರಿಕೆಯ ಅಂಚಿನಲ್ಲಿ ಲೆಕ್ಕ ಹಾಕಿ ನೋಡಿದ್ದರು. ಸಾಧಾರಣ ವೇಗದಲ್ಲಿ ಹೋಗುತ್ತಿರುವ ಕಾರು ಯಾವುದಕ್ಕಾದರೂ ಹೊಡೆದು ನಿಂತರೆ, ಆ ಕ್ಷಣಕ್ಕೆ ಈ ಹತ್ತಿಯಂಥ ಮಗು ಒಂದು ಕ್ವಿಂಟಲ್ ಅಕ್ಕಿಮೂಟೆಯಷ್ಟು ಭಾರವಾಗಿ ತೊಡೆಯಿಂದ ಹಾರುತ್ತದೆ. ಯಾವ ಅಜ್ಜಿಯ ಕೈಯೂ ಅಕ್ಕಿಮೂಟೆಯನ್ನು ಗಾಳಿಯಲ್ಲಿ ಹಿಡಿಯದು. ಲೆಕ್ಕ ಸರಿಯಿತ್ತು; ಮತ್ತೊಮ್ಮೆ ಮಾಡಿದರೂ ಅದೇ ಬಂತು. ಅಂಚನ್ನು ಹರಿದು ಚೂರುಚೂರು ಮಾಡಿ, ನೀರು ಕುಡಿದು ಮಲಗಿದ್ದರು. ವತ್ಸಲಾಗೆ ಹೇಳಿರಲಿಲ್ಲ. ಎಲ್ಲ ತಿಳಿದೂ ಸುಮ್ಮನಿರುವುದು ಅವರ ಸಂಸಾರದ ಸೂತ್ರ. ಅದರಿಂದಲೇ ಸಂಸಾರ ಇಷ್ಟು ದೂರ ಬಂದಿದೆ ಎಂಬುದು ಅವರ ಸಿದ್ಧಾಂತ.

"ನಾಲ್ಕೂ ಕಾಲಾಯ್ತು ಕಣ್ರೀ!" ಎಂದು ವತ್ಸಲಾ ಕೂಗಿದರು. ರಾಹುಕಾಲ ಶುರುವಾಗುವುದರೊಳಗೆ ಹೊಸಿಲು ದಾಟದಿದ್ದರೆ ಎಲ್ಲ ಮುಗಿಯಿತು. "ಒಂದ್ಕೆಲಸ ಮಾಡೋಣ. ಪಾರ್ಕಿನ ಮೂಲೆ ತನಕ ನಾನು ತೊಡೆ ಮೇಲೆ ಕೂರಿಸ್ಕೊತೀನಿ. ಅಲ್ಲಿ ನಿಲ್ಸಿ ನಿಧಾನಕ್ಕೆ ಸೀಟು ಹಾಕಿ."

"ಬೇಡ ಅತ್ತೆ."

"ನಾಲ್ಕು ಮನೆ ದೂರ ಕಣೇ!"

"ನಮ್ಮ ಆಫೀಸಿಗೆ ನಾಲ್ಕು ಮನೆ ದೂರದ ಫೋಟೋಗಳೇ ಜಾಸ್ತಿ ಬರೋದು ಅತ್ತೆ." ಸಿಂಚನಾಳ ದನಿ ಏರಲಿಲ್ಲ. "ಪರವಾಗಿಲ್ಲ, ಸಂಕ್ರಾಂತಿ ಆದ್ಮೇಲೇ ಬರ್ತೀವಿ ಬಿಡಿ."

ಅವಳು ಮಗುವಿನ ಬೆನ್ನು ತಟ್ಟುತ್ತ ಒಳಕ್ಕೆ ತಿರುಗಿದಳು. ಮಗು ತಾಯಿಯ ಹೆಗಲ ಮೇಲಿಂದ ಪದ್ಮನಾಭರನ್ನೇ ನೋಡುತ್ತಿತ್ತು. ಹಿಂದಕ್ಕೆ ಮುಖ ಮಾಡಿದ ಆ ಸವಾರಿಯಲ್ಲಿ ಅದಕ್ಕೆ ಯಾವ ತಕರಾರೂ ಇದ್ದಂತಿರಲಿಲ್ಲ. ಒಂದು ತಿಂಗಳು ಎಂದರೆ ಅದು ಮಗುಚಿಕೊಳ್ಳುವುದನ್ನು ಕೆಂಗೇರಿಯಲ್ಲೇ ಕಲಿಯುತ್ತದೆ. ತೆವಳಲು ಶುರುಮಾಡುವುದೂ ಇಲ್ಲೇ, ಈ ಕಾವಿ ನೆಲದ ಮೇಲೆಯೇ. ಫೋನಿನಲ್ಲಿ ವಿಡಿಯೋ ಬರುತ್ತದೆ. ತಾವು ಕನ್ನಡಕ ಹುಡುಕುವಷ್ಟರಲ್ಲಿ ಮುಗಿದುಹೋಗುತ್ತದೆ. ಪದ್ಮನಾಭರಿಗೆ ಎದೆಯಲ್ಲಿ ಏನೋ ಸಡಿಲಾದಂತಾಯಿತು, ಬಕಲ್ ಇಲ್ಲದ ಬೆಲ್ಟಿನ ಹಾಗೆ.

"ನಡ್ಕೊಂಡು ಹೋಗಿ," ಎಂದಿತು ಕಾರಿನೊಳಗಿಂದ ಒಂದು ದನಿ. ಅದು ತಮ್ಮದೇ ಎಂದು ಗೊತ್ತಾಗಲು ಅವರಿಗೆ ತುಸು ಹೊತ್ತು ಬೇಕಾಯಿತು. ತಲೆ ಹೊರಗೆ ತೆಗೆದರು. "ಹೊರಡೋದು ಅಂದ್ರೆ ಕಾರಲ್ಲೇ ಹೊರಡ್ಬೇಕು ಅಂತ ಯಾವ ಪಂಚಾಂಗದಲ್ಲಿದೆ? ವತ್ಸಲಾ, ನಿಮ್ಮಪ್ಪ ಊರಿಗೆ ಹೊರಡೋ ಮುಂಚೆ ರಾಹುಕಾಲಕ್ಕೆ ಹೆದರಿ ಚೀಲಾನ ಪಕ್ಕದ್ಮನೇಲಿ ಇಡ್ತಿರ್ಲಿಲ್ವಾ? ಚೀಲ ಹೋದ್ರೆ ತಾವು ಹೋದ ಹಾಗೆ ಅಂತ. ಚೀಲಕ್ಕಾಗೋದು ಮಗುಗಾಗಲ್ವಾ? ಎತ್ಕೊಂಡು ಪಾರ್ಕಿನ ತನಕ ನಡೀರಿ. ನಾನು ಖಾಲಿ ಗಾಡಿ ತರ್ತೀನಿ."

ಬಾಲ್ಕನಿಯವರೂ ಬಟ್ಟೆ ಕೊಡವುವುದನ್ನು ನಿಲ್ಲಿಸಿದರು. ವತ್ಸಲಾ ಗಂಡನನ್ನು, ಗೋಡೆಯ ಮೇಲಿನ ಕ್ಯಾಲೆಂಡರು ಮಾತಾಡಿದರೆ ನೋಡುವಂತೆ ನೋಡಿದರು. "ಇದು ಮೊದ್ಲೇ ಹೇಳೋಕೇನಾಗಿತ್ತು ನಿಮಗೆ?"

ಹೀಗೆ ಮಗುವಿನ ಗೃಹಪ್ರಯಾಣ ಕಾಲ್ನಡಿಗೆಯಲ್ಲಿ ಆರಂಭವಾಯಿತು. ಸೀತಾ ಆರತಿ ಎತ್ತಿ, ಮಗಳ ಮಡಿಲು ತುಂಬಿ, ಕಣ್ಣೊರೆಸಿಕೊಂಡರು. ಮಗುವನ್ನೆತ್ತಿಕೊಂಡ ವತ್ಸಲಾ ಮುಂದೆ, ಮಡಿಲಕ್ಕಿ ಹಿಡಿದ ಸಿಂಚನಾ ಪಕ್ಕದಲ್ಲಿ, ಬೀಳ್ಕೊಡಲು ಬಂದ ಸೀತಾ ಹಿಂದೆ. ಎಲ್ಲರ ಹಿಂದೆ, ಮೊದಲನೇ ಗೇರಿನಲ್ಲಿ, ಉತ್ಸವಮೂರ್ತಿಯ ಹಿಂದೆ ಬರುವ ಜನರೇಟರ್ ಗಾಡಿಯಂತೆ ಪದ್ಮನಾಭರ ಕಾರು. "ಏನ್ ಅಂಕಲ್, ಗಾಡಿ ಕೆಟ್ಟೋಯ್ತಾ, ತಳ್ಬೇಕಾ?" ಎಂದ ಸ್ಕೂಟರಿನವನೊಬ್ಬ. ಅವರು ಘನವಾಗಿ ತಲೆಯಾಡಿಸಿದರು.

ಪಾರ್ಕಿನ ಪಕ್ಕದ ಹೊಂಗೆಯ ನೆರಳಲ್ಲಿ ಕಾರು ನಿಲ್ಲಿಸುವ ಹೊತ್ತಿಗೆ ರಾಹುಕಾಲ ಬಂದಿತ್ತು. ಬಂದರೆ ಬರಲಿ, ಹೊರಟಾಗಿತ್ತು. ಅವಸರ ಹೋದ ಕೂಡಲೇ ಪದ್ಮನಾಭರ ಬೆರಳುಗಳಿಗೆ ಬುದ್ಧಿ ಬಂತು. ಸೀತಾ ಮನೆಯಿಂದ ತಂದ ಕತ್ತರಿಯಲ್ಲಿ ರೆಕ್ಸಿನ್ನಿನ ಹೊಲಿಗೆ ಬಿಚ್ಚಿದರು. ಒಳಗಿಂದ ಬಕಲ್ ಹೊರಬಂತು, ಹತ್ತು ವರ್ಷ ಬೆಳಕು ಕಾಣದೆ ಹೊಚ್ಚಹೊಸದಾಗಿ, ಕೆಂಪು ಗುಂಡಿಯ ಸಮೇತ. ಸೀಟಿನ ಮೈಮೇಲೆ ನೀಲಿ ಗೆರೆ ತೋರಿಸಿದ ದಾರಿಯಲ್ಲೇ ಬೆಲ್ಟನ್ನು ಹಾಯಿಸಿ, ಮಂಡಿಯೂರಿ ಸೀಟನ್ನು ಒತ್ತಿಹಿಡಿದು, ಉಸಿರು ಕಟ್ಟಿ ಎಳೆದರು. ಕಟಕ್ ಎಂದಿತು. ಸಿಂಚನಾ ಬಂದು ಬೆಲ್ಟ್ ಹಾದುಹೋದ ಕಡೆ ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದಳು. ಕಾರು ಅಲ್ಲಾಡಿತು, ಸೀಟು ಅಲ್ಲಾಡಲಿಲ್ಲ.

"ಕೂತಿದೆ ಮಾವ," ಎಂದಳು.

ಎರಡು ಪದ. ಪದ್ಮನಾಭರು ಪಕ್ಕಕ್ಕೆ ತಿರುಗಿ ಹೊಂಗೆಯ ಎಲೆಗಳನ್ನು ಪರೀಕ್ಷಿಸುವವರಂತೆ ನಿಂತರು. ಅಷ್ಟರಲ್ಲಿ ವತ್ಸಲಾ ತಮ್ಮ ಚೀಲದಿಂದ ಕೌದಿ ತೆಗೆದರು.

ಅದು ಬರಿಯ ಕೌದಿಯಲ್ಲ. ಮಗು ಹುಟ್ಟಿದ ವಾರದಿಂದ ವತ್ಸಲಾ ಮಧ್ಯಾಹ್ನಗಳಲ್ಲಿ ಕಿಟಕಿಯ ಬಳಿ ಕೂತು ಹೊಲಿದದ್ದು. ಅದರಲ್ಲಿ ಅನಿಕೇತ ಹೊಟ್ಟೆಯಲ್ಲಿದ್ದಾಗ ಉಡುತ್ತಿದ್ದ ಹಸಿರು ಹತ್ತಿ ಸೀರೆಯಿತ್ತು, ಅವನಿಗೆ ಟೈಫಾಯಿಡ್ ಬಂದಾಗ ರಾತ್ರಿಯೆಲ್ಲ ಉಟ್ಟು ಕೂತ ನೀಲಿಯಿತ್ತು, ತೊಳೆದು ತೊಳೆದು ಬೆಣ್ಣೆಯಾದ ಪದರಗಳು. ಅದನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಸಿ, ಉಣ್ಣೆಯ ದಪ್ಪ ಸ್ವೆಟರಿನ ಮಗುವನ್ನು ಅದರ ಮೇಲೆ ಕೂರಿಸಿ, "ಈಗ ನೋಡು, ನನ್ನ ಬಂಗಾರಕ್ಕೆ ಮೆತ್ತಗಾಯ್ತು" ಎಂದರು. ಸಿಂಚನಾ ಪಟ್ಟಿಗಳನ್ನು ಹೆಗಲಿಗೆ ಏರಿಸಿ ಕೊಂಡಿ ಹಾಕಿದಳು, ಎಳೆದಳು. ಪದ್ಮನಾಭರು ಬಗ್ಗಿ, ಸೀಟಿನ ಜೊತೆ ಬಂದ ಪುಸ್ತಿಕೆಯಲ್ಲಿ ಹೇಳಿದಂತೆ ಮಗುವಿನ ಹೆಗಲ ಬಳಿ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿದರು. ಬಿಗಿಯಾಗಿದ್ದರೆ ಬೆರಳು ಜಾರಬೇಕು. ಜಾರಲಿಲ್ಲ, ಪಟ್ಟಿ ಮಡಿಕೆಯಾಗಿ ಬೆರಳ ನಡುವೆ ಬಂತು. ಕೌದಿಯೂ ಸ್ವೆಟರೂ ಬಿಗಿಯನ್ನೆಲ್ಲ ನುಂಗಿಕೊಂಡಿದ್ದವು. ಗಾಡಿ ಗಕ್ಕನೆ ನಿಂತರೆ ಮೆತ್ತನೆಯದೆಲ್ಲ ಚಪ್ಪಟೆಯಾಗುತ್ತದೆ, ಮಗು ಆ ಸಡಿಲಿನಲ್ಲಿ ಜಾರುತ್ತದೆ.

ತಲೆಯೆತ್ತಿದರೆ ಸಿಂಚನಾ ಅವರನ್ನೇ ನೋಡುತ್ತಿದ್ದಳು. ಅವಳಿಗೂ ಗೊತ್ತಾಗಿತ್ತು. ರಾಹುಕಾಲವನ್ನು ಎದುರಿಸಿದ ಹುಡುಗಿ ಕೌದಿಯೆದುರು ಬಾಯಿ ಕಟ್ಟಿ ನಿಂತಿದ್ದಳು. ಮನೆ ತುಂಬುವ ದಿನವೇ ಅತ್ತೆಯ ಐದು ತಿಂಗಳ ಸೂಜಿದಾರವನ್ನು ಕಿತ್ತು ಹೊರಗಿಡುವುದು ಹೇಗೆ? ಆ ನೋಟದಲ್ಲಿ ಬೇಡಿಕೆಯಿತ್ತು, ಆಜ್ಞೆಯಿರಲಿಲ್ಲ. ಡೌಟ್ ಇಲ್ಲ ಎಂದಳಲ್ಲ, ಅದು ನಿಜವೇ ಇರಬಹುದೆಂದು ಪದ್ಮನಾಭರಿಗೆ ಮೊದಲ ಬಾರಿ ಅನ್ನಿಸಿತು, ಅನ್ನಿಸಿದ್ದರಿಂದ ಇನ್ನಷ್ಟು ಭಯವಾಯಿತು. ಸುಮ್ಮನಿದ್ದುಬಿಡಬಹುದು. ಕೆಂಗೇರಿಯಿಂದ ಮನೆಗೆ ಎಷ್ಟು ದೂರ, ಮೆಲ್ಲಗೆ ಓಡಿಸಿದರಾಯಿತು. ನಾಳೆ ವತ್ಸಲಾ ಇಲ್ಲದಾಗ ತೆಗೆದಿಟ್ಟರಾಯಿತು. ಸಾಂಬಾರಿಗೆ ಉಪ್ಪು ಹೆಚ್ಚಾದ ದಿನ ಮೊಸರು ಕೇಳಿ, ನಾದಿನಿಯ ಮಗನ ಮದುವೆಗೆ ಕಣ್ಣು ಕುಕ್ಕುವ ಬಣ್ಣದ ಶರಟು ತೊಟ್ಟು, ಇಷ್ಟು ವರ್ಷ ಹೀಗೆಯೇ ತಾನೇ ದಾಟಿಸಿದ್ದು. ಬೆರಳ ನಡುವೆ ಪಟ್ಟಿಯ ಮಡಿಕೆ ಇನ್ನೂ ಇತ್ತು.

"ವತ್ಸಲಾ, ಕೌದಿ ಕೆಳಗೆ ಬೇಡ. ಸ್ವೆಟರೂ ಬೇಡ."

"ಏನು?"

"ಬೆಲ್ಟ್ ಮೈಗೆ ಹತ್ತುತ್ತಿಲ್ಲ. ಮಧ್ಯೆ ಇದು ಇದೆ."

"ಇದು ಅಂದ್ರೆ? ಐದು ತಿಂಗ್ಳು ಕಣ್ಣು ನೋಯಿಸ್ಕೊಂಡು ಹೊಲ್ದಿದೀನಿ ನಾನು. ಬರೀ ಪ್ಲಾಸ್ಟಿಕ್ಕಿನ ಮೇಲೆ ಕೂರಿಸ್ತೀರಾ ಮಗೂನ?"

"ಕೂರಿಸ್ತೀನಿ," ಎಂದರು ಪದ್ಮನಾಭರು. "ನೀನು ಬೈದ್ರೆ ಬೈಸ್ಕೋತೀನಿ. ಇದೊಂದ್ರಲ್ಲಿ ಮಾತ್ರ ನಿನ್ ಮಾತು ಕೇಳಲ್ಲ."

ಮಗುವನ್ನೆತ್ತಿ ಸಿಂಚನಾಳಿಗೆ ಕೊಟ್ಟು, ಕೌದಿಯನ್ನು ತಾವೇ ಎಳೆದು ತೆಗೆದರು. ಎಳೆಯುವಾಗ ಹಸಿರಿನ ತುಂಡು ಮೇಲೆ ಬಂತು, ನೋಡದವರಂತೆ ಮಡಿಸಿದರು. ವತ್ಸಲಾ ಮುಖ ತಿರುಗಿಸಿ ಪಾರ್ಕಿನ ಬೇಲಿ ಹಿಡಿದು ನಿಂತರು. ಪಟ್ಟಿ ಮತ್ತೆ ಬಿಗಿಯಿತು, ಈ ಸಲ ಬೆರಳು ಜಾರಿತು. ಮಗು ತೆಳ್ಳನೆಯ ಅಂಗಿಯಲ್ಲಿ ಕಾಲು ಝಾಡಿಸಿ, ಡಿಸೆಂಬರಿನ ಗಾಳಿಗೆ ಸೀನಿತು.

ಆ ಸೀನಿಗೆ ಬೇಲಿ ಬಿಟ್ಟು ಬಂದರು ವತ್ಸಲಾ. ಗಂಡನ ಕಡೆ ನೋಡದೆ ಸೊಸೆಯನ್ನು ಕೇಳಿದರು, "ಮೇಲಾದ್ರೂ ಹೊದಿಸ್ಬಹುದೋ, ಅದೂ ಕಾನೂನಿಗೆ ವಿರುದ್ಧವೋ?"

"ಹೊದಿಸಿ ಅತ್ತೆ. ಬೆಲ್ಟ್ ಬಿಗಿದ್ಮೇಲೆ ಎಷ್ಟು ಬೇಕಾದ್ರೂ ಹೊದಿಸ್ಬಹುದು, ಮುಖ ಬಿಟ್ಟು." ಸಿಂಚನಾ ಅತ್ತೆಯ ಮುಂಗೈ ಹಿಡಿದಳು. "ನೀವೇ ಹೊದಿಸಿ."

ವತ್ಸಲಾ ಹೊದಿಸಿದರು. ಅಂಚುಗಳನ್ನು ಒಳಸೇರಿಸಿದರು. ಆಮೇಲೆ, ಯಾರೂ ಹೇಳದಿದ್ದರೂ, ಮಗುವಿನ ಹೆಗಲ ಬಳಿ ಎರಡು ಬೆರಳಿಂದ ಪಟ್ಟಿಯನ್ನು ಚಿವುಟಿ ನೋಡಿದರು. "ಹ್ಞೂಂ," ಎಂದರು.

ಮೈಸೂರು ರಸ್ತೆಯಲ್ಲಿ ಮಗು ಅತ್ತಿತು. ಮುಂದೆ ಕೂತ ವತ್ಸಲಾಗೆ ಅದರ ಮುಖ ಕಾಣದು, ಸೀಟಿನ ಬೆನ್ನು ಮಾತ್ರ. ಪ್ರತಿ ಸಿಗ್ನಲಿನಲ್ಲೂ "ಏನ್ಮಾಡ್ತಿದಾಳೆ, ಈಗೇನ್ಮಾಡ್ತಿದಾಳೆ" ಎಂದು ಕೇಳಿ, ಹಿಂದೆ ಕೂತ ಸಿಂಚನಾ ಕ್ರಿಕೆಟ್ ಕಾಮೆಂಟರಿಯಂತೆ ವರದಿ ಕೊಡಬೇಕಾಯಿತು. ತಲೆಯ ಮೇಲೆ ಒಂದು ರೈಲು ಹಾದುಹೋದಾಗ ಅಳು ನಿಂತಿತು. "ನಿಮ್ಮಪ್ಪ ಇರ್ಬೇಕು ಕಣೇ ಪುಟ್ಟಿ, ಕೈ ಬೀಸು," ಎಂದರು ವತ್ಸಲಾ. ಹಿಂದಕ್ಕೆ ಮುಖ ಮಾಡಿದ್ದರಿಂದ, ಹಿಂದಿನಿಂದ ಬರುವ ರೈಲನ್ನು ಕಾರಿನಲ್ಲಿದ್ದವರಲ್ಲಿ ಮೊದಲು ಕಂಡದ್ದು ಮಗುವೇ. ನಾಯಂಡಹಳ್ಳಿಯ ಹತ್ತಿರ ಎಡದಿಂದ ಒಂದು ಆಟೋ ಸೂಚನೆಯಿಲ್ಲದೆ ನುಗ್ಗಿತು. ಪದ್ಮನಾಭರು ಬ್ರೇಕ್ ಒತ್ತಿದರು, ಒತ್ತುವ ಮೊದಲೇ ಎಡಗೈ ಪಕ್ಕಕ್ಕೆ ಚಾಚಿ ವತ್ಸಲಾರ ಎದೆಗಡ್ಡವಾಗಿ ನಿಂತಿತ್ತು. ಆ ಕೈಗೆ ಯಾರೂ ಕಲಿಸಿರಲಿಲ್ಲ. ಅವರಿಗೆ ಹಿಂದಿನದೆಲ್ಲ ನೆನಪಾಯಿತು: ಕಾರ್ಡ್ ರೋಡಿನಲ್ಲಿ ಸ್ಕೂಟರಿನ ಮುಂಭಾಗದಲ್ಲಿ ನಿಂತು ಕನ್ನಡಿಯ ಕಡ್ಡಿ ಹಿಡಿದ ಪುಟ್ಟ ಅನಿಕೇತ, ಗದ್ದಕ್ಕೆ ತಾಗುವ ಅವನ ಎಣ್ಣೆಗೂದಲ ವಾಸನೆ, ಪ್ರತಿ ಬ್ರೇಕಿಗೂ ತಾವಾಗಿ ಕೂಡಿಕೊಂಡು ಹುಡುಗನನ್ನು ಹಿಡಿಯುತ್ತಿದ್ದ ತಮ್ಮ ಎರಡು ಮಂಡಿಗಳು. ಇಷ್ಟು ಸಾಕೆಂದು ಲೋಕವೆಲ್ಲ ನಂಬಿದ್ದ ಕಾಲ, ಮಗ ಉಳಿದದ್ದು ಮಂಡಿಗಳಿಂದಲ್ಲ, ಬರಿಯ ಪುಣ್ಯದಿಂದ.

"ನಂಗೂ ಬೆಲ್ಟ್ ಇದೆ ಕಣ್ರೀ, ಕೈ ತೆಗೀರಿ," ಎಂದರು ವತ್ಸಲಾ. ಬಳೆಗಳು ಕೈಗೆ ಒತ್ತಿದ್ದವು. ಅವರು ಕೈ ತೆಗೆಯುವ ಮುನ್ನ ವತ್ಸಲಾ ಅದರ ಮೇಲೆ ತಮ್ಮದೊಂದನ್ನು ಇಟ್ಟರು, ತೆಗೆದರು.

"ಹಿಂದೆ?" ಎಂದು ಕೇಳಿದರು ಪದ್ಮನಾಭರು.

"ನಗ್ತಾ ಇದಾಳೆ ಮಾವ. ಮತ್ತೊಂದ್ಸಲ ಬ್ರೇಕ್ ಹಾಕ್ಬೇಕಂತೆ."

ತಮ್ಮ ಕೈ ತಲುಪದ ಜಾಗದಲ್ಲಿ ಮಗು ಕ್ಷೇಮವಾಗಿತ್ತು. ಇದಕ್ಕೆ ಸಂತೋಷಪಡಬೇಕೋ ಸ್ವಲ್ಪ ಬೇಜಾರು ಮಾಡಿಕೊಳ್ಳಬೇಕೋ ನಾಗರಬಾವಿ ದಾಟುವವರೆಗೂ ಅವರಿಗೆ ತೀರ್ಮಾನವಾಗಲಿಲ್ಲ.

ಮನೆ ತಲುಪಿದಾಗ ರಾಹುಕಾಲ ಇನ್ನೂ ಮುಗಿದಿರಲಿಲ್ಲ. ಮಗುವನ್ನು ಈಗ ಒಳಗೆ ತರಕೂಡದೆಂದು ಹೇಳಿ ವತ್ಸಲಾ ಆರತಿಗೆ ಸಿದ್ಧಮಾಡಲು ಹೋದರು. ಪದ್ಮನಾಭರು ಎಂಜಿನ್ ಆರಿಸಿ, ಕೀಲಿ ತೆಗೆದು, ಹ್ಯಾಂಡ್ ಬ್ರೇಕನ್ನು ಎರಡು ಸಲ ಎಳೆದರು. ಸಿಂಚನಾ ಮಗುವಿನ ಪಟ್ಟಿ ಬಿಚ್ಚಿ, ಸೀಟುಗಳ ನಡುವಿನಿಂದ ಅದನ್ನು ಮಾವನ ಕೈಗೆ ದಾಟಿಸಿದಳು. ನಿಂತ ಕಾರಿನಲ್ಲಿ ತೊಡೆಗೆ ಅಡ್ಡಿಯಿಲ್ಲವೆಂದು ಅವರು ಅದನ್ನು ತೊಡೆಯ ಮೇಲೆ ಕೂರಿಸಿಕೊಂಡರು.

ಆರು ಗಂಟೆ ಕಳೆದ ಮೇಲೆ ಮಗುವನ್ನು ಒಳಗೆ ಕರೆದುಕೊಂಡು ಹೋದರು.